ಕಲ್ಲಿಗೆ ಕಾವಲು ಸರಿ, ನೆರಳಿಗೇಕೆ?

ಜೇಬಿನಲ್ಲಿ ಐವತ್ತರ ನೋಟಿದ್ದರೆ ಒಮ್ಮೆ ತಿರುವಿ ನೋಡಿ. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ತರಕಾರಿ ಗಾಡಿಯಿಂದ ಕಂಡಕ್ಟರನ ಚೀಲಕ್ಕೆ, ಅಲ್ಲಿಂದ ಇನ್ಯಾರದೋ ಗಲ್ಲಾಪೆಟ್ಟಿಗೆಗೆ ಆ ರಥ ದಿನವಿಡೀ ಊರು ಸುತ್ತುತ್ತಿರುತ್ತದೆ. ಯಾರೂ ಅದನ್ನು ತಡೆಯುವುದಿಲ್ಲ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಜವಾದ ರಥದ ಮುಂದೆ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕಾದರೆ ಮಾತ್ರ ಅನುಮತಿ ಪತ್ರ ಬೇಕು.

ಈ ಅನುಮತಿಯ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಬೇರುಬಿಟ್ಟಿವೆ. ಕ್ಯಾಮೆರಾ ಹಿಡಿದವರದು ಒಂದು: ಸ್ಮಾರಕ ಜನರ ಆಸ್ತಿ, ನಾನೂ ಜನ, ಟಿಕೆಟ್ಟನ್ನೂ ಕೊಂಡಿದ್ದೇನೆ, ಇನ್ನು ಯಾರ ಅಪ್ಪಣೆ? ಕಾಯುವವರದು ಇನ್ನೊಂದು: ಸ್ವಂತಕ್ಕೆ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ, ಆದರೆ ಚಿತ್ರದಿಂದ ಹಣ ಮಾಡುವವರು ಅನುಮತಿ ಪಡೆಯಲಿ, ಸ್ಮಾರಕಕ್ಕೆ ಒಂದು ಪಾಲು ಕೊಡಲಿ. ಮೊದಲನೆಯದು ಗೇಟಿನಲ್ಲಿ ಜಗಳಕ್ಕೆ ನಿಂತವರ ಮಾತು. ಎರಡನೆಯದು ಕೇಳಲು ಎಷ್ಟು ಹದವಾಗಿದೆಯೆಂದರೆ ಜಗಳಕ್ಕೆ ನಿಂತವರೂ ಮನೆಗೆ ಬಂದ ಮೇಲೆ ಅದನ್ನು ಒಪ್ಪಿಬಿಡುತ್ತಾರೆ. ನನ್ನ ತಕರಾರು ಹೆಚ್ಚಾಗಿ ಈ ಎರಡನೆಯದರ ಮೇಲೆಯೇ. ‘ಸ್ವಂತಕ್ಕೆ’ ಮತ್ತು ‘ವ್ಯಾಪಾರಕ್ಕೆ’ ಎಂಬ ಗೆರೆಯನ್ನು ಎಳೆದದ್ದೇ ತಪ್ಪು ಜಾಗದಲ್ಲಿ. ಅದು ಕಲ್ಲನ್ನೂ ಕಾಯುತ್ತಿಲ್ಲ, ಚಿತ್ರಕ್ಕೂ ನ್ಯಾಯ ಒದಗಿಸುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ದೇಗುಲದ ಗೇಟಿನಲ್ಲಿ ನನ್ನನ್ನೂ ತಡೆದಿದ್ದರು. “ಸ್ಟ್ಯಾಂಡ್ ಒಳಗ ಬಿಡಂಗಿಲ್ರೀ ಸರ, ಬರೇ ಕ್ಯಾಮೆರಾ ಒಯ್ರಿ” ಅಂದರು ಕಾವಲಿನ ಹಿರಿಯರು. “ಯಾಕ್ರೀ ಅಜ್ಜಾರ?” ಅಂದೆ. “ಸ್ಟ್ಯಾಂಡ್ ಇಟ್ರ ಅದು ಶೂಟಿಂಗ್ ಆಗ್ತೈತಿ” ಅಂದರು. ಅವತ್ತು ನಕ್ಕಿದ್ದೆ. ಆಮೇಲೆ ನಿಯಮಗಳನ್ನು ತೆರೆದು ಓದಿದಾಗ ತಿಳಿಯಿತು, ಅಜ್ಜ ಅಕ್ಷರಶಃ ಕಾನೂನನ್ನೇ ಹೇಳಿದ್ದರು.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಬೆನ್ನಿಗೆ 1959ರಲ್ಲಿ ನಿಯಮಗಳು ಬಂದವು. ಅವುಗಳಲ್ಲಿ ನಕಲು ತೆಗೆಯುವುದಕ್ಕೂ ಚಿತ್ರೀಕರಣಕ್ಕೂ ಒಂದು ಅಧ್ಯಾಯವಿದೆ. ನಕಲು ಎಂದರೆ ರೇಖಾಚಿತ್ರ, ಛಾಯಾಚಿತ್ರ, ಅಚ್ಚು, ಪಡಿಯಚ್ಚು. ಇವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಿದ್ದಾರೆ: 8 ಮಿಲಿಮೀಟರ್ ಮೀರದ ಫಿಲ್ಮಿನ ಕೈಕ್ಯಾಮೆರಾದಲ್ಲಿ, ಸ್ಟ್ಯಾಂಡ್ ಇಲ್ಲದೆ, ಮುಂಚಿನ ಏರ್ಪಾಡು ಯಾವುದೂ ಇಲ್ಲದೆ ತೆಗೆದ ಚಲನಚಿತ್ರ. ಸ್ಟ್ಯಾಂಡ್ ಬಂತೋ, ಅದು ನಕಲಲ್ಲ, ಚಿತ್ರೀಕರಣ. ಅದಕ್ಕೆ ಪರವಾನಗಿ ಬೇಕು. ಸ್ಥಿರಚಿತ್ರ ತೆಗೆಯುವವರಿಗೂ ಒಂದು ಪಟ್ಟಿಯಿದೆ. ಲಿಖಿತ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಸ್ಟ್ಯಾಂಡು, ಸ್ಟೂಲು, ಕುರ್ಚಿ, ಮೇಜು, ದೊಡ್ಡ ಡ್ರಾಯಿಂಗ್ ಬೋರ್ಡು ಒಯ್ಯುವಂತಿಲ್ಲ, ಅಟ್ಟಣಿಗೆ ಕಟ್ಟುವಂತಿಲ್ಲ, ಕ್ಯಾಮೆರಾದ ಫ್ಲ್ಯಾಶ್ ಬಿಟ್ಟರೆ ಬೇರೆ ಕೃತಕ ಬೆಳಕು ಕೂಡದು, ನೀರು, ಎಣ್ಣೆ, ಗ್ರೀಸು ಬಳಿಯುವಂತಿಲ್ಲ.

ಈ ಪಟ್ಟಿ ನನಗೆ ಇಷ್ಟವಾಯಿತು. ಇದನ್ನು ಬರೆದವರು ಸ್ಮಾರಕದಲ್ಲಿ ಕೆಲಸ ಮಾಡಿ ಬಲ್ಲವರು. ಶಾಸನದ ಅಕ್ಷರ ಎದ್ದು ಕಾಣಲೆಂದು ನೀರು ಬಳಿಯುವವರನ್ನು, ವಿಗ್ರಹ ಮಿರುಗಲೆಂದು ಎಣ್ಣೆ ಸವರುವವರನ್ನು ಅವರು ನೋಡಿದ್ದರು. ಅವರ ಕಣ್ಣೆಲ್ಲ ಕಲ್ಲಿನ ಮೇಲೆ. ಹೊಯ್ಸಳರ ಬಳಪದ ಕಲ್ಲು ಹಂಪಿಯ ಗ್ರಾನೈಟಿನಷ್ಟು ಗಟ್ಟಿಯಲ್ಲ. ಆ ಕುಸುರಿ ಸಾಧ್ಯವಾದದ್ದೇ ಕಲ್ಲು ಮೃದುವಾಗಿದ್ದುದರಿಂದ, ಅದು ಸವೆಯುವುದೂ ಅದೇ ಕಾರಣಕ್ಕೆ. ಹಾಗಾಗಿ ಕಲ್ಲಿಗೆ ಏನು ತಗಲುತ್ತದೆ, ಅದರ ಮೇಲೆ ಏನು ಊರುತ್ತದೆ, ದಾರಿಗೆ ಏನು ಅಡ್ಡವಾಗುತ್ತದೆ ಎಂಬುದಷ್ಟೇ ಆ ಪಟ್ಟಿಯ ಚಿಂತೆ. ತೆಗೆದ ಚಿತ್ರ ಎಲ್ಲಿ ಅಚ್ಚಾಗುತ್ತದೆ, ಅದನ್ನು ಯಾರು ಮಾರುತ್ತಾರೆ ಎಂಬ ಮಾತೇ ಅಲ್ಲಿಲ್ಲ.

ಕಾಲ ಸರಿದಂತೆ ಎರಡು ಸಂಗತಿಗಳಾದವು. ಒಂದು, 8 ಮಿಲಿಮೀಟರ್ ಫಿಲ್ಮ್ ಸತ್ತುಹೋಗಿ, ಆ ದಿನಗಳ ಸಿನಿಮಾ ಕ್ಯಾಮೆರಾಗಳನ್ನು ನಾಚಿಸುವ ಯಂತ್ರ ಪ್ರತಿಯೊಬ್ಬರ ಜೇಬಿಗೆ ಬಂತು, ಅದೂ ಸ್ಟ್ಯಾಂಡಿನ ಹಂಗಿಲ್ಲದೆ. ಎರಡು, ಆಚರಣೆಯಲ್ಲಿ ಪ್ರಶ್ನೆಯೇ ಬದಲಾಯಿತು. ‘ಏನು ತಂದಿದ್ದೀರಿ?’ ಎಂದು ಕೇಳುತ್ತಿದ್ದ ಬಾಗಿಲು ‘ಯಾತಕ್ಕೆ ತೆಗೆಯುತ್ತೀರಿ?’ ಎಂದು ಕೇಳತೊಡಗಿತು. 2018ರ ಜುಲೈನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನ ಸ್ಮಾರಕಗಳ ಒಳಗೆ ಚಿತ್ರ ತೆಗೆಯಲು ಇದ್ದ ನಿಷೇಧವನ್ನು ಸಡಿಲಿಸಿತು. ಅಜಂತಾದ ಗುಹೆಗಳು, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿಯ ಒಳಭಾಗ, ಈ ಮೂರನ್ನು ಮಾತ್ರ ಹೊರಗಿಟ್ಟಿತು. ಪ್ರಧಾನಿ ದೆಹಲಿಯಲ್ಲಿ ಇಲಾಖೆಯ ಹೊಸ ಕಟ್ಟಡ ಉದ್ಘಾಟಿಸುತ್ತಾ, ಈ ಕಾಲದಲ್ಲಿ ಇಂಥ ನಿಷೇಧ ಯಾಕೆ ಎಂದು ಕೇಳಿದ ದಿನವೇ ಆದೇಶ ಹೊರಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಸ್ವಂತ ಮತ್ತು ವ್ಯಾಪಾರದ ನಡುವಿನ ಗೆರೆ ಅಳಿಯಲಿಲ್ಲ. ಸ್ವಂತದ ಕಡೆ ಬಾಗಿಲು ಅಗಲವಾಯಿತು, ಅಷ್ಟೆ.

ಸ್ವಂತದ ಕಡೆಯಿಂದ ಒಳಬರುವವರು ಯಾರು? 2019ರ ಆರಂಭದಲ್ಲಿ ಹಂಪಿಯ ಒಂದು ವಿಡಿಯೊ ನಾಡಿನ ತುಂಬ ಓಡಾಡಿತು. ಯುವಕರು ಒಂದು ಕಲ್ಲಿನ ಕಂಬವನ್ನು ತಳ್ಳುತ್ತಾರೆ, ಕಂಬ ಉರುಳುತ್ತದೆ, ಎದುರಿಗೆ ಮೊಬೈಲು ಅದನ್ನೆಲ್ಲ ನೋಡುತ್ತಿದೆ. ಪೊಲೀಸರು ಹಿಡಿದರು, ನ್ಯಾಯಾಲಯ ದಂಡ ಹಾಕಿತು, ಬಿದ್ದ ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ಆ ಚಿತ್ರೀಕರಣಕ್ಕೆ ಯಾವ ಪರವಾನಗಿಯೂ ಬೇಕಿರಲಿಲ್ಲ. ಸ್ಟ್ಯಾಂಡ್ ಇರಲಿಲ್ಲ, ವ್ಯಾಪಾರವೂ ಇರಲಿಲ್ಲ. ನಮ್ಮ ಗೆರೆಯ ಲೆಕ್ಕದಲ್ಲಿ ಅದು ಅಪ್ಪಟ ‘ಸ್ವಂತ’. ಇದರ ಎದುರಿಗೆ ಒಬ್ಬ ಲೇಖಕಿಯನ್ನು ನಿಲ್ಲಿಸಿ ನೋಡಿ. ಹೊಯ್ಸಳ ದೇಗುಲಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯುವ ಆಕೆ ಒಬ್ಬಳೇ, ಒಂದು ಲೆನ್ಸು ಹಿಡಿದು, ಬೆಳಗಿನ ಓರೆಬಿಸಿಲಿಗೆ ಕಾದು ಕೂತಿದ್ದಾಳೆ. ಪುಸ್ತಕ ಐನೂರು ಪ್ರತಿ ಖರ್ಚಾದರೆ ಅದೇ ಹಬ್ಬ. ಆದರೂ ಅದಕ್ಕೆ ಬೆಲೆ ಇದೆ, ಆದ್ದರಿಂದ ಅದು ‘ವ್ಯಾಪಾರ’. ಮದುವೆಗೆ ಮುಂಚಿನ ಫೋಟೋ ಶೂಟ್ ಎಂದು ಹತ್ತು ಜನ, ನಾಲ್ಕು ಜೊತೆ ಬಟ್ಟೆ, ರಿಫ್ಲೆಕ್ಟರು, ಬಣ್ಣದ ಹೊಗೆಯ ಜೊತೆ ಬರುವ ತಂಡ ‘ನಮ್ಮ ಮನೆಯ ಆಲ್ಬಮ್ಮಿಗೆ’ ಅನ್ನಬಹುದು. ಹಣ ಎಣಿಸುವ ಗೆರೆ ಈ ಮೂರರಲ್ಲಿ ಕಲ್ಲಿಗೆ ತೀರಾ ನಿರಪಾಯವಾದದ್ದನ್ನೇ ಹೆಕ್ಕಿ ತಡೆಯುತ್ತದೆ.

ಇಲ್ಲಿ ಎದುರಿನವರ ಮಾತನ್ನು ಅದರ ಪೂರ್ತಿ ಬಲದಲ್ಲೇ ಕೇಳಬೇಕು. ಅವರು ಹೇಳುವುದು ಇಷ್ಟು: ಸ್ಮಾರಕ ಕಾಯಲು ಖರ್ಚಾಗುತ್ತದೆ, ಅದನ್ನು ತೋರಿಸಿ ಸೀರೆ, ಸಿಮೆಂಟು, ಸೈಟು ಮಾರುವವರು ಲಾಭ ಮಾಡುತ್ತಾರೆ, ಲಾಭದಲ್ಲಿ ಒಂದು ತುಣುಕು ಕಲ್ಲಿಗೆ ಬರಲಿ. ಇದನ್ನು ಕಾನೂನು ಮಾಡಿ ನೋಡಿದ ದೇಶಗಳಿವೆ. ಇಟಲಿಯ 2004ರ ಸಾಂಸ್ಕೃತಿಕ ಸಂಪತ್ತಿನ ಸಂಹಿತೆ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ತಮ್ಮ ಕಲಾಕೃತಿಗಳ ಪ್ರತಿರೂಪಕ್ಕೂ ಶುಲ್ಕ ಕೇಳುವ ಅಧಿಕಾರ ಕೊಟ್ಟಿದೆ. ಆ ಬಲದಿಂದ ವೆನಿಸ್ಸಿನ ಅಕಾಡೆಮಿಯಾ ಗ್ಯಾಲರಿ ರೇವನ್ಸ್‌ಬರ್ಗರ್ ಎಂಬ ಜರ್ಮನ್ ಆಟಿಕೆ ಕಂಪನಿಯ ಮೇಲೆ ದಾವೆ ಹೂಡಿತು. ಕಂಪನಿಯ ತಪ್ಪು, ಲಿಯೊನಾರ್ಡೊ ಡ ವಿಂಚಿಯ ‘ವಿಟ್ರೂವಿಯನ್ ಮನುಷ್ಯ’ನ ಚಿತ್ರದ ಜಿಗ್ಸಾ ಪಜಲ್ ಮಾರಿದ್ದು. ಲಿಯೊನಾರ್ಡೊ ತೀರಿಕೊಂಡದ್ದು 1519ರಲ್ಲಿ. 2022ರಲ್ಲಿ ವೆನಿಸ್ಸಿನ ನ್ಯಾಯಾಲಯ ಗ್ಯಾಲರಿಯ ಪರ ನಿಂತಿತು. 2024ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ನ್ಯಾಯಾಲಯ, ಇಟಲಿಯ ಈ ಕಾನೂನು ಇಟಲಿಯ ಗಡಿಯಾಚೆ ನಡೆಯುವುದಿಲ್ಲ ಎಂದಿತು. ಅಂದರೆ ಒಂದೇ ಪಜಲ್ ಗಡಿಯ ಈಚೆ ಅಪರಾಧ, ಆಚೆ ಆಟಿಕೆ.

ಫ್ರಾನ್ಸಿನ ಶಾಂಬೋರ್ ಕೋಟೆಯ ಕಥೆ ಇನ್ನೂ ಸ್ವಾರಸ್ಯದ್ದು. ಒಂದು ಬಿಯರ್ ಕಂಪನಿ ತನ್ನ ಜಾಹೀರಾತಿನಲ್ಲಿ ಕೋಟೆಯ ಚಿತ್ರ ಬಳಸಿತು. ಕೋಟೆಯ ಆಡಳಿತ ಶುಲ್ಕ ಕೇಳಿತು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ, ಕಟ್ಟಡ ಸಾರ್ವಜನಿಕ ಆಸ್ತಿಯಾದ ಮಾತ್ರಕ್ಕೆ ಅದರ ಚಿತ್ರ ಸಾರ್ವಜನಿಕ ಆಸ್ತಿಯ ಭಾಗವಾಗುವುದಿಲ್ಲ, ಕಾನೂನಿಲ್ಲದೆ ಅದಕ್ಕೆ ಶುಲ್ಕ ಕೇಳಲಾಗದು ಎಂದಿತು. ವ್ಯಾಜ್ಯ ನಡೆಯುತ್ತಿರುವಾಗಲೇ, 2016ರಲ್ಲಿ, ಸಂಸತ್ತು ಅಂಥ ರಾಷ್ಟ್ರೀಯ ತಾಣಗಳ ಚಿತ್ರದ ವ್ಯಾಪಾರೀ ಬಳಕೆಗೆ ಅನುಮತಿ ಕಡ್ಡಾಯ ಮಾಡಿಬಿಟ್ಟಿತ್ತು. ನ್ಯಾಯಾಲಯದಲ್ಲಿ ನಿಲ್ಲದ ವಾದವನ್ನು ಕಾಯ್ದೆಯ ಊರುಗೋಲು ಕೊಟ್ಟು ನಿಲ್ಲಿಸಬೇಕಾಯಿತು. ಅದು ತನ್ನ ಕಾಲ ಮೇಲೆ ನಿಲ್ಲುವ ವಾದವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೋಟೆಲಿನ ಅಡುಗೆಯ ಘಮಕ್ಕೆ ದುಡ್ಡು ಕೇಳಿದ ಮಾಲೀಕನಿಗೆ ಜಾಣನೊಬ್ಬ ನಾಣ್ಯದ ಸದ್ದು ಕೇಳಿಸಿ ಲೆಕ್ಕ ಚುಕ್ತಾ ಮಾಡಿದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಚಿತ್ರಕ್ಕೆ ಪಾಲು ಕೇಳುವುದು ಘಮಕ್ಕೆ ಬಿಲ್ ಬರೆದ ಹಾಗೆ. ಘಮ ತೆಗೆದುಕೊಂಡರೆ ಅನ್ನ ಕಡಿಮೆಯಾಗುವುದಿಲ್ಲ. ಕ್ಯಾಲೆಂಡರಿನಲ್ಲಿ, ಲಾರಿಯ ಹಿಂಬದಿಯಲ್ಲಿ, ಹೊಸಪೇಟೆಯ ಲಾಡ್ಜುಗಳ ಬೋರ್ಡಿನಲ್ಲಿ ಕಲ್ಲಿನ ರಥ ಸಾವಿರ ಸಲ ಅಚ್ಚಾದರೂ ಅದರ ಗಾಲಿ ಒಂದು ಎಳೆಯಷ್ಟೂ ಸವೆದಿಲ್ಲ. ಸವೆಸಿದವರು ಗಾಲಿ ತಿರುಗಿಸಿದವರು, ಮೇಲೆ ಹತ್ತಿದವರು. ಸರ್ಕಾರ ತಾನೇ ಐಷಾರಾಮಿ ರೈಲಿಗೆ ‘ಗೋಲ್ಡನ್ ಚಾರಿಯಟ್’ ಎಂದು ಈ ರಥದ ಹೆಸರಿಟ್ಟಿತು. ಪೊಲೀಸ್ ಗಸ್ತು ವಾಹನಕ್ಕೆ ‘ಹೊಯ್ಸಳ’ ಎಂದು ಬರೆಸಿತು. ಹೆಸರೂ ರೂಪವೂ ನಾಡಿನವು, ಯಾರು ಬೇಕಾದರೂ ಬಳಸಬಹುದು ಎಂಬ ನಂಬಿಕೆ ಇದ್ದದ್ದರಿಂದಲೇ ಇದೆಲ್ಲ ಸಾಧ್ಯವಾಯಿತು. ಜಾಹೀರಾತಿನ ಕಂಪನಿಯಿಂದ ಹಣ ಬೇಕೇ, ಧಾರಾಳವಾಗಿ ಕೇಳಿ: ಎಷ್ಟು ಹೊತ್ತು ಅಂಗಳ ಹಿಡಿದಿರಿ, ಎಷ್ಟು ಜನರನ್ನು ತಂದಿರಿ, ಎಷ್ಟು ದೀಪ ಹಚ್ಚಿದಿರಿ ಎಂದು ಲೆಕ್ಕ ಹಾಕಿ ಕೇಳಿ. ಅದು ನೆಲದ ಬಾಡಿಗೆ, ನ್ಯಾಯವಾದದ್ದು.

ನಮ್ಮ ಕಾನೂನು ಈ ವಿಷಯದಲ್ಲಿ ಅಷ್ಟೇನೂ ಮಬ್ಬಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಕಟ್ಟಡಕ್ಕೆ ಕೃತಿಸ್ವಾಮ್ಯ ಇದ್ದರೂ ಅದರ ಚಿತ್ರ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲವೆಂದು 52ನೇ ಸೆಕ್ಷನ್ನು ಹೇಳುತ್ತದೆ. ಸಾರ್ವಜನಿಕರು ಹೋಗಬಹುದಾದ ಜಾಗದಲ್ಲಿ ಕಾಯಮ್ಮಾಗಿ ನಿಂತ ಶಿಲ್ಪಕ್ಕೂ ಅದೇ ವಿನಾಯಿತಿ. ಇನ್ನು ಎಂಟುನೂರು ವರ್ಷದ ದೇಗುಲಕ್ಕೆ ಕೃತಿಸ್ವಾಮ್ಯವೇ ಇಲ್ಲ. ಆದ್ದರಿಂದ ಕೇಂದ್ರದ ಇಲಾಖೆಯಾಗಲಿ, ರಾಜ್ಯದ ಇಲಾಖೆಯಾಗಲಿ, ದೇವಸ್ಥಾನದ ಆಡಳಿತವಾಗಲಿ ಕೊಡಬಹುದಾದದ್ದು ಒಳಗೆ ಬರುವ, ನಿಲ್ಲುವ, ಸಾಮಾನು ತರುವ ಅನುಮತಿಯನ್ನು ಮಾತ್ರ. ಅನುಮತಿಯ ಷರತ್ತಿನಲ್ಲಿ ಚಿತ್ರದ ಹಕ್ಕನ್ನೂ ಬರೆಸಿಕೊಂಡರೆ ಅದು ಒಪ್ಪಂದದ ಬಲವೇ ಹೊರತು ಒಡೆತನದ ಬಲವಲ್ಲ.

ಇಷ್ಟು ಹೇಳಿದ ಮೇಲೆ ಕ್ಯಾಮೆರಾ ಹಿಡಿದ ಬಂಧುಗಳ ಕಡೆಗೂ ತಿರುಗಬೇಕು. ‘ಸ್ಮಾರಕ ಎಲ್ಲರದು’ ಎಂದು ಗೇಟಿನಲ್ಲಿ ಕೂಗಿದವರೇ ಬೇಲೂರಿನ ದರ್ಪಣಸುಂದರಿಯ ಎದೆಯ ಮೇಲೆ ತಮ್ಮ ಹೆಸರಿನ ವಾಟರ್‌ಮಾರ್ಕ್ ಒತ್ತುತ್ತಾರೆ. ಅದೇ ಕೋನದಿಂದ ಇನ್ನೊಬ್ಬರು ಚಿತ್ರ ತೆಗೆದರೆ ‘ನನ್ನದನ್ನು ಕದ್ದರು’ ಅನ್ನುತ್ತಾರೆ. ಅವರ ಹಕ್ಕಿರುವುದು ಆ ಒಂದು ಚಿತ್ರದ ಮೇಲೆ. ಮೂರ್ತಿಯ ಮೇಲಲ್ಲ, ಕೋನದ ಮೇಲಲ್ಲ, ಸಂಜೆಯ ಬಿಸಿಲಿನ ಮೇಲಂತೂ ಅಲ್ಲ. ಆ ಒಂದು ಚಿತ್ರವೂ ಎಷ್ಟೋ ಸಲ ಅವರದಲ್ಲ. ಯಾರಾದರೂ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ತೆಗೆಸಿದವರೇ ಎಂದು ಅದೇ ಕಾಯ್ದೆಯ 17ನೇ ಸೆಕ್ಷನ್ನು ಹೇಳುತ್ತದೆ. ಸ್ಮಾರಕದೆದುರು ತೆಗೆದ ಮದುವೆ ಜೋಡಿಯ ಚಿತ್ರಗಳನ್ನು ಸ್ಟುಡಿಯೊದವರು ಕೇಳದೆ ಜಾಹೀರಾತಿಗೆ ಹಾಕಿಕೊಳ್ಳುವಾಗ ಈ ಸಾಲು ಯಾರಿಗೂ ನೆನಪಾಗುವುದಿಲ್ಲ.

ವಾಟರ್‌ಮಾರ್ಕಿನ ಮಾತು ಬಂದಾಗಲೆಲ್ಲ ನನಗೆ ರೂವಾರಿಗಳು ನೆನಪಾಗುತ್ತಾರೆ. ನಮ್ಮ ಪ್ರಾಚೀನ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲ ಎಂಬ ಮಾತು ಹೊಯ್ಸಳ ನಾಡಿಗೆ ಸಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೆಲ್ಲ ತಾವು ಕಡೆದ ಮೂರ್ತಿಗಳ ಪೀಠದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಆ ಸಹಿ ಮೂರ್ತಿಯನ್ನು ಮುಚ್ಚುವುದಿಲ್ಲ. ಬಗ್ಗಿ ನೋಡಿದವರಿಗೆ ಕಾಣುತ್ತದೆ. ನಾವು ಚಿತ್ರದಲ್ಲಿ ಪೀಠವನ್ನು ಕತ್ತರಿಸಿ ಹಾಕಿ, ಅವರ ಹೆಸರನ್ನು ಹೊರಗಿಟ್ಟು, ನಮ್ಮ ಹೆಸರನ್ನು ಮೂರ್ತಿಯ ಮೇಲೆ ಬರೆದುಕೊಳ್ಳುತ್ತೇವೆ. ಹಕ್ಕುಸ್ವಾಮ್ಯದ ಚರ್ಚೆಯಲ್ಲಿ ಇಲಾಖೆಯೂ ಛಾಯಾಗ್ರಾಹಕರೂ ಹಗ್ಗ ಜಗ್ಗುತ್ತಾ ಮರೆಯುವುದು ಈ ಮೂರನೆಯವರನ್ನು. ಕೃತಿ ಅವರದು, ಅವರು ನಮ್ಮಿಂದ ದುಡ್ಡು ಕೇಳುವುದಿಲ್ಲ. ಚಿತ್ರದ ಕೆಳಗೆ ‘ಶಿಲ್ಪಿ: ಮಲ್ಲಿತಮ್ಮ’ ಎಂದು ಅಚ್ಚು ಹಾಕುವ ಷರತ್ತನ್ನು ಯಾವುದಾದರೂ ಅನುಮತಿ ಪತ್ರ ವಿಧಿಸಿದರೆ ನಾನು ಅದಕ್ಕೆ ತಕರಾರಿಲ್ಲದೆ ಸಹಿ ಹಾಕುತ್ತೇನೆ.

ಹಾಗಾದರೆ ಅನುಮತಿ ಹೇಗಿರಬೇಕು? 1959ರ ಪಟ್ಟಿಯ ಬುದ್ಧಿಯನ್ನು ಉಳಿಸಿಕೊಂಡು ಅದರ ವಸ್ತುಗಳನ್ನು ಬದಲಿಸಬೇಕು. ಕೈಯಲ್ಲಿ ಹಿಡಿದ ಕ್ಯಾಮೆರಾ, ಮೊಬೈಲು ಯಾವುದೇ ಇರಲಿ, ಚಿತ್ರ ಯಾವ ಉದ್ದೇಶಕ್ಕೇ ಇರಲಿ, ಟಿಕೆಟ್ಟೇ ಸಾಕಾಗಬೇಕು. ರಬ್ಬರಿನ ಪಾದದ ಸ್ಟ್ಯಾಂಡಿಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಗೇಟಿನಲ್ಲೇ ಚೀಟಿ ಸಿಗಬೇಕು. ದೀಪ, ಹೊಗೆ, ಡ್ರೋನು, ವೇಷಭೂಷಣ, ಗುಂಪು ಬಂದರೆ ಅವರು ಸಿನಿಮಾದವರೋ ಮದುವೆಯವರೋ ಎಂದು ನೋಡದೆ ಪರವಾನಗಿ, ಠೇವಣಿ, ಜೊತೆಗೊಬ್ಬ ಸಿಬ್ಬಂದಿ ಕಡ್ಡಾಯವಾಗಬೇಕು. ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಛಾವಣಿಯಂಥ ಬಣ್ಣದ ಚಿತ್ರಗಳ ಕೆಳಗೆ ಗಂಟೆಗಟ್ಟಲೆ ದೀಪ ಉರಿಸಲು ಎಷ್ಟು ಹಣ ಕೊಟ್ಟರೂ ಬಿಡಬಾರದು. ಪೂಜೆ ನಡೆಯುವ ಗರ್ಭಗುಡಿಯ ಮರ್ಯಾದೆ ಬೇರೆ. ಅಲ್ಲಿ ಬೇಡವೆಂದರೆ ಕ್ಯಾಮೆರಾ ಕೆಳಗಿಡುವುದೇ ಸರಿ. ಇಷ್ಟರಲ್ಲಿ ಎಲ್ಲಿಯೂ ‘ಚಿತ್ರವನ್ನು ಏನು ಮಾಡುತ್ತೀರಿ’ ಎಂದು ಕೇಳುವ ಅಗತ್ಯ ಬೀಳಲಿಲ್ಲ, ನೋಡಿ.

ಚಿತ್ರ ಬಿಡುಬೀಸಾಗಿ ಓಡಾಡಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಛಾಯಾಗ್ರಾಹಕರ ಮೇಲಿನ ಪ್ರೀತಿಯಲ್ಲ. ಕಲ್ಲಿಗೆ ಸಾಕ್ಷಿ ಬೇಕು ಎಂಬುದಕ್ಕೆ. 1850ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ, ಸ್ಮಾರಕಗಳನ್ನು ದಾಖಲಿಸಲು ಚಿತ್ರಕಾರರಿಗಿಂತ ಕ್ಯಾಮೆರಾ ಅಗ್ಗ ಮತ್ತು ನಿಖರ ಎಂದು ಲೆಕ್ಕ ಹಾಕಿತು. ಬಿಗ್ಸ್, ಪಿಗೂ, ನೀಲ್ ಎಂಬವರು ಧಾರವಾಡ ಮತ್ತು ಮೈಸೂರು ಸೀಮೆಗಳ ಗುಡಿಗಳನ್ನು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅವರಿಗಿಂತ ಬೇರೆಯಾಗಿ, 1856ರಲ್ಲಿ, ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದ. ಆ ಕಾಗದಕ್ಕೆ ಬೆಳಕು ಹತ್ತಲು ನಿಮಿಷಗಳು ಬೇಕು. ಅಷ್ಟು ಹೊತ್ತು ಕ್ಯಾಮೆರಾ ಅಲುಗಬಾರದು. ಅಂದರೆ ಸ್ಟ್ಯಾಂಡ್ ಇಲ್ಲದೆ ಆಗದ ಕೆಲಸ. ನಮ್ಮ ಗೇಟಿನ ಅಜ್ಜ ಅವನನ್ನು ಖಂಡಿತ ಒಳಗೆ ಬಿಡುತ್ತಿರಲಿಲ್ಲ.

ಅವನ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಖಾಸಗಿ ಕತ್ತಲಲ್ಲಿದ್ದು 1980ರ ದಶಕದಲ್ಲಿ ಬೆಳಕಿಗೆ ಬಂದವು. ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಾಗ ಒಂದು ವ್ಯತ್ಯಾಸ ಎದ್ದು ಕಂಡಿತು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ರಥವೆಂದರೆ ಮೇಲೆ ಚಪ್ಪಟೆಯಾದ, ಬೋಳು ನೆತ್ತಿಯ ರಥ ಎಂದೇ ನಾವು ತಲೆಮಾರುಗಳಿಂದ ನಂಬಿಕೊಂಡಿದ್ದೆವು. ಆ ಚಿತ್ರಗಳು ಒಂದು ಖಾಸಗಿ ಪೆಟ್ಟಿಗೆಯಲ್ಲಿ ಉಳಿಯದೆ ಮೊದಲಿನಿಂದಲೂ ಶಾಲೆಯ ಗೋಡೆಗಳಲ್ಲಿ, ಕ್ಯಾಲೆಂಡರುಗಳಲ್ಲಿ ಓಡಾಡಿದ್ದರೆ ಶಿಖರ ಹೋದದ್ದು ಜನರ ನೆನಪಿನಲ್ಲಾದರೂ ಉಳಿದಿರುತ್ತಿತ್ತು.

ಐವತ್ತರ ನೋಟನ್ನು ಇನ್ನೊಮ್ಮೆ ನೋಡಿ. ಅದರಲ್ಲಿರುವುದೂ ಶಿಖರವಿಲ್ಲದ ರಥವೇ.